ಹನ್ನೆರಡು ಮಕ್ಕಳ ಶಾಲೆ, ನೂರು ಪರ್ಸೆಂಟ್ ರಿಸಲ್ಟ್

ತಮಿಳುನಾಡಿನ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಒಂದು ಗುಣವಿದೆ: ಅದು ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. 2022ರಲ್ಲಿ ಶೇ 90.07, 2023ರಲ್ಲಿ 91.39, 2024ರಲ್ಲಿ 91.55, 2025ರಲ್ಲಿ 93.80. ಲಕ್ಷಾಂತರ ಮಕ್ಕಳು ಬರೆಯುವ ಪರೀಕ್ಷೆ ಹೀಗೆ ಒಂದೆರಡು ಪರ್ಸೆಂಟ್ ಅತ್ತಿತ್ತ ಆಡುತ್ತದೆ, ಅಷ್ಟೆ. ಫಲಿತಾಂಶ ಬಂದ ದಿನವೇ ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕಡೆಯದೋ ಸೇಲಂ ಜಿಲ್ಲೆಯ ಕೊಳತ್ತೂರು ಕಡೆಯದೋ ಒಂದು ಸಣ್ಣ ಹಳ್ಳಿ ಹೈಸ್ಕೂಲಿನ ಹಿಂದಿನ ಐದಾರು ವರ್ಷದ ರಿಸಲ್ಟ್ ತೆಗೆದು ನೋಡಿ. ಒಂದು ವರ್ಷ ನೂರಕ್ಕೆ ನೂರು, ಮರುವರ್ಷ ಎಪ್ಪತ್ತೈದು, ಅದರ ಮರುವರ್ಷ ತೊಂಬತ್ತೆರಡು, ಮತ್ತೆ ನೂರು. ಇಂಥ ಜಿಗಿದಾಟ ಸಣ್ಣ ಶಾಲೆಗಳಲ್ಲಿ ಮಾಮೂಲು. ನೂರು ಬಂದ ವರ್ಷ ಹೆಡ್‌ಮಾಸ್ಟರಿಗೆ ಶಾಲು ಹೊದಿಸುತ್ತಾರೆ. ಎಪ್ಪತ್ತೈದು ಬಂದ ವರ್ಷ ಜಿಲ್ಲಾ ಮುಖ್ಯ ಶಿಕ್ಷಣಾಧಿಕಾರಿಯ ರಿವ್ಯೂ ಮೀಟಿಂಗಿನಲ್ಲಿ ಅದೇ ಹೆಡ್‌ಮಾಸ್ಟರ್ ಎದ್ದು ನಿಂತು ಉತ್ತರ ಕೊಡಬೇಕು.

ಕೊಡುವ ಉತ್ತರ ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ಒಂದೇ: 'ಈ ಸಲದ ಬ್ಯಾಚೇ ಹಂಗಿತ್ತು ಸಾರ್.' ಮೀಟಿಂಗಿನಲ್ಲಿ ಅದನ್ನು ಯಾರೂ ನಂಬುವುದಿಲ್ಲ. ನನ್ನ ಪ್ರಕಾರ ಬಹಳ ಸಲ ಅದೇ ನಿಜ.

ಲೆಕ್ಕ ಹಾಕಿಯೇ ನೋಡೋಣ. ಒಂದು ಶಾಲೆಯ ಹತ್ತನೇ ಕ್ಲಾಸಿನಲ್ಲಿ ವರ್ಷವೂ ಹನ್ನೆರಡು ಮಕ್ಕಳು ಅಂದುಕೊಳ್ಳಿ. ಪಾಠ, ಮೇಷ್ಟ್ರು, ಊರು ಯಾವುದೂ ಬದಲಾಗಿಲ್ಲ. ಪ್ರತಿ ಮಗು ಪಾಸಾಗುವ ಸಾಧ್ಯತೆ ಹತ್ತರಲ್ಲಿ ಒಂಬತ್ತು, ಅಂದರೆ ರಾಜ್ಯದ ಸರಾಸರಿಯಷ್ಟೇ. ಹನ್ನೆರಡೂ ಮಕ್ಕಳು ಪಾಸಾಗುವ ಸಾಧ್ಯತೆ 0.9ನ್ನು ಹನ್ನೆರಡು ಬಾರಿ ಗುಣಿಸಿದಷ್ಟು: ಸುಮಾರು ಶೇ 28. ಮೂವರು ಅಥವಾ ಹೆಚ್ಚು ಮಂದಿ ಫೇಲಾಗಿ ಫಲಿತಾಂಶ ಎಪ್ಪತ್ತೈದೋ ಅದಕ್ಕಿಂತ ಕೆಳಗೋ ಇಳಿಯುವ ಸಾಧ್ಯತೆ ಸುಮಾರು ಶೇ 11. ಯಾರೂ ಏನೂ ಮಾಡದಿದ್ದರೂ ಈ ಶಾಲೆ ಹತ್ತು ವರ್ಷದಲ್ಲಿ ಎರಡು ಮೂರು ಸಲ ಶಾಲು ಹೊದಿಸಿಕೊಳ್ಳುತ್ತದೆ, ಸರಾಸರಿ ಒಂದು ಸಲ ಬೈಸಿಕೊಳ್ಳುತ್ತದೆ. ಇನ್ನೂರು ಮಕ್ಕಳಿರುವ ಊರ ದೊಡ್ಡ ಶಾಲೆಯಲ್ಲಿ ಇದೇ ಹತ್ತರಲ್ಲಿ ಒಂಬತ್ತರ ಸಾಧ್ಯತೆ ಇಟ್ಟುಕೊಂಡರೆ ಫಲಿತಾಂಶ ಹೆಚ್ಚುಕಡಿಮೆ ಎಲ್ಲ ವರ್ಷವೂ 86ರಿಂದ 94ರ ಒಳಗೇ ಬೀಳುತ್ತದೆ. ಅಲ್ಲಿ ನೂರು ಬರುವುದೂ ಇಲ್ಲ, ಎಪ್ಪತ್ತೈದಕ್ಕೆ ಇಳಿಯುವುದೂ ಇಲ್ಲ. ಎರಡೂ ಶಾಲೆಯ ಗುಣಮಟ್ಟ ಒಂದೇ. ಜಿಲ್ಲೆಯ ಪಟ್ಟಿಯಲ್ಲಿ ಮಾತ್ರ ಒಂದು ತುದಿಯಿಂದ ತುದಿಗೆ ಓಡಾಡುತ್ತದೆ, ಇನ್ನೊಂದು ನಡುವೆ ಕೂತಿರುತ್ತದೆ.

ಇದನ್ನು ಕಾಣದೆ ಅಮೆರಿಕದವರೂ ಎಡವಿದ್ದಾರೆ. ಅಲ್ಲಿ ಅತ್ಯುತ್ತಮ ಶಾಲೆಗಳ ಪಟ್ಟಿ ಮಾಡಿದಾಗ ಸಣ್ಣ ಶಾಲೆಗಳು ಮೇಲೆ ಕಂಡವು. ದೊಡ್ಡ ಶಾಲೆ ಒಡೆದು ಸಣ್ಣದು ಮಾಡಿದರೆ ಕಲಿಕೆ ಸುಧಾರಿಸುತ್ತದೆ ಎಂದು ಗೇಟ್ಸ್ ಫೌಂಡೇಷನ್ ಸೇರಿ ಹಲವರು ಅಪಾರ ಹಣ ಸುರಿದರು. ಸಂಖ್ಯಾಶಾಸ್ತ್ರಜ್ಞ ಹೋವರ್ಡ್ ವೇನರ್ ಪೆನ್ಸಿಲ್ವೇನಿಯಾದ 1,662 ಶಾಲೆಗಳನ್ನು ತೆಗೆದು ನೋಡಿದಾಗ ಕಂಡದ್ದು ಬೇರೆ. ಇಡೀ ಪಟ್ಟಿಯಲ್ಲಿ ಅತಿ ಸಣ್ಣ 50 ಶಾಲೆಗಳ ಪಾಲು ಶೇ 3 ಮಾತ್ರ. ಮೇಲಿನ 50 ರ‍್ಯಾಂಕಿನಲ್ಲಿ ಅವುಗಳಲ್ಲಿ 6 ಇದ್ದವು. ಕೆಳಗಿನ 50ರಲ್ಲಿ 9 ಇದ್ದವು! ತುದಿಗೂ ಸಣ್ಣವೇ, ಬುಡಕ್ಕೂ ಸಣ್ಣವೇ. ಬುಡವನ್ನು ಯಾರೂ ಬಗ್ಗಿ ನೋಡಿರಲಿಲ್ಲ. ಸಣ್ಣ ಶಾಲೆಯ ಪ್ರಯೋಗ ನಿರೀಕ್ಷಿಸಿದ ಫಲ ಕೊಡಲಿಲ್ಲ ಎಂದು ಬಿಲ್ ಗೇಟ್ಸ್ 2009ರ ತಮ್ಮ ವಾರ್ಷಿಕ ಪತ್ರದಲ್ಲಿ ಒಪ್ಪಿಕೊಂಡರು.

ಹಾಗಾದರೆ ಇಷ್ಟು ಸಣ್ಣ ಹೈಸ್ಕೂಲು ಯಾಕೆ ಬೇಕು? ದೂರಕ್ಕಾಗಿ. ನಡೆದು ಹೋಗುವಷ್ಟು ಹತ್ತಿರ ಶಾಲೆ ಇರಬೇಕೆಂಬುದು ತಮಿಳುನಾಡಿನಲ್ಲಿ ಮುಖ್ಯಮಂತ್ರಿಯಾಗಿದ್ದ ಕಾಮರಾಜರ ಕಾಲದಿಂದ ಬಂದ ಹಟ. 2009ರಲ್ಲಿ ಶುರುವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಐದು ಕಿಲೋಮೀಟರಿಗೊಂದು ಹೈಸ್ಕೂಲು ಎಂದು ಗೆರೆ ಎಳೆಯಿತು, ಎಂಟನೇ ಕ್ಲಾಸಿನವರೆಗಿದ್ದ ಎಷ್ಟೋ ಶಾಲೆಗಳು ಮೇಲ್ದರ್ಜೆಗೇರಿದವು. ಧರ್ಮಪುರಿಯಲ್ಲಿ ಐದರಲ್ಲಿ ನಾಲ್ಕು ಮಂದಿ ಹಳ್ಳಿಯವರು. ಹರೂರಿನ ಆಚೆ ಸಿಟ್ಲಿಂಗಿ ಕಣಿವೆ, ವತ್ತಲ್‌ಮಲೆ, ಸೇಲಂ ಕಡೆಗೆ ಏರ್ಕಾಡು, ಕಲ್ರಾಯನ್ ಬೆಟ್ಟಗಳು; ಇಲ್ಲಿ ಐದು ಕಿಲೋಮೀಟರ್ ಎಂದರೆ ನಕ್ಷೆಯ ಐದಲ್ಲ. 2011ರ ಜನಗಣತಿಯಲ್ಲಿ ಧರ್ಮಪುರಿಯ ಸಾಕ್ಷರತೆ ಶೇ 68.54, ರಾಜ್ಯದಲ್ಲೇ ಕೊನೆ. ಸೇಲಂ ಶೇ 72.86. ಇಡೀ ತಮಿಳುನಾಡು 80 ದಾಟಿತ್ತು. ಇಂಥ ಕಡೆ ಹೈಸ್ಕೂಲಿನಲ್ಲಿ ಓದುತ್ತಿರುವ ಮಗುವಿನ ಅಪ್ಪನೋ ಅಮ್ಮನೋ ಬಹಳ ಸಲ ಹತ್ತನೇ ಕ್ಲಾಸು ಕಂಡವರಲ್ಲ.

ಇಲ್ಲಿಯವರೆಗೆ ಹೇಳಿದ್ದು ಅದೃಷ್ಟದ ಆಟ. ಇನ್ನೊಂದು ಆಟವಿದೆ, ಅದು ಅದೃಷ್ಟದ್ದಲ್ಲ. ಪರ್ಸೆಂಟ್ ಎನ್ನುವುದು ಒಂದು ಭಿನ್ನರಾಶಿ. ಮೇಲಿನ ಅಂಶ, ಅಂದರೆ ಪಾಸಾದವರು, ಎಲ್ಲರಿಗೂ ಕಾಣುತ್ತದೆ. ಕೆಳಗಿನ ಛೇದದಲ್ಲಿ ಯಾರನ್ನು ಕೂರಿಸಿದ್ದಾರೆ ಎಂದು ಕೇಳುವವರು ಕಡಿಮೆ.

2023ರ ಮಾರ್ಚ್ 13ರಂದು ತಮಿಳುನಾಡಿನಲ್ಲಿ ಪ್ಲಸ್ ಟು, ಅಂದರೆ ಹನ್ನೆರಡನೇ ಕ್ಲಾಸಿನ, ಪರೀಕ್ಷೆಯ ಮೊದಲ ದಿನ, ಭಾಷಾ ಪತ್ರಿಕೆ. ಆ ದಿನ ಹಾಲ್‌ಟಿಕೆಟ್ ಇದ್ದೂ ಬಾರದವರು 50 ಸಾವಿರಕ್ಕೂ ಹೆಚ್ಚು. ಸುದ್ದಿ ಕೋಲಾಹಲವಾಯಿತು, ಸರ್ಕಾರ ಕಾರಣ ಹುಡುಕಿತು. ಕೊರೊನಾ ಕಾಲದಲ್ಲಿ, 2021ರಲ್ಲಿ, ಹತ್ತನೇ ಕ್ಲಾಸಿನವರನ್ನೆಲ್ಲ ಪರೀಕ್ಷೆಯಿಲ್ಲದೆ ಪಾಸು ಮಾಡಿದ್ದರು. ಆ ಮಕ್ಕಳೇ 2023ರಲ್ಲಿ ಹನ್ನೆರಡಕ್ಕೆ ಬಂದದ್ದು. ಎಷ್ಟೋ ಮಂದಿ ಯಾವತ್ತೋ ಕೆಲಸಕ್ಕೆ ಹೋಗಿಬಿಟ್ಟಿದ್ದರು, ಹೆಸರು ಮಾತ್ರ ನಾಮಿನಲ್ ರೋಲಿನಲ್ಲಿ ಉಳಿದಿತ್ತು. ಮೇ ತಿಂಗಳಲ್ಲಿ ಫಲಿತಾಂಶ ಬಂತು: ಶೇ 94.03. ಬರೆದವರು 8.03 ಲಕ್ಷ, ಪಾಸಾದವರು 7.55 ಲಕ್ಷ. ಶಾಲೆಗಳಿಂದ ನೋಂದಾಯಿಸಿಕೊಂಡಿದ್ದವರು ಸುಮಾರು 8.51 ಲಕ್ಷ. ಆ ಸಂಖ್ಯೆಯನ್ನು ಛೇದಕ್ಕೆ ಹಾಕಿದರೆ ಶೇ 89ರ ಆಸುಪಾಸು. ಎರಡೂ ಲೆಕ್ಕ ಸರಿಯೇ, ಸುಳ್ಳು ಯಾವುದೂ ಇಲ್ಲ. ಪೇಪರಿನ ತಲೆಬರಹಕ್ಕೆ ಬಂದದ್ದು 94.03.

ರಾಜ್ಯದ ಮಟ್ಟದಲ್ಲಿ ಐದಾರು ಪರ್ಸೆಂಟ್ ಹೀಗೆ ಕಾಣೆಯಾದರೆ ಹನ್ನೆರಡು ಮಕ್ಕಳ ಶಾಲೆಯಲ್ಲಿ ಏನಾಗಬಹುದು? ಅದಕ್ಕೆ ಹಾಜರಾತಿ ಪುಸ್ತಕ ಬೇಕು. ಅಡ್ಡಕ್ಕೆ ಉದ್ದನೆಯ ಪುಸ್ತಕ, ಎಡಗಡೆ ಹೆಸರು, ಬಲಕ್ಕೆ ಮೂವತ್ತೊಂದು ಸಣ್ಣ ಚೌಕ. ಆರನೇ ಕ್ಲಾಸಿನ ಪುಟದಲ್ಲಿ ಇಪ್ಪತ್ತು ಹೆಸರಿದ್ದರೆ ಎಂಟಕ್ಕೆ ಬರುವಾಗ ಒಂದೆರಡು ಹೆಸರಿನ ಮೇಲೆ ಕೆಂಪು ಇಂಕಿನ ಗೆರೆ ಬಿದ್ದು ಪಕ್ಕದಲ್ಲಿ ಟಿ.ಸಿ. ಎಂದಿರುತ್ತದೆ. ಇನ್ನು ಕೆಲವು ಹೆಸರಿಗೆ ಗೆರೆಯೂ ಇಲ್ಲ, ತಿಂಗಳಿಡೀ ಸಾಲಾಗಿ 'ಎ', 'ಎ', 'ಎ'. ದೀಪಾವಳಿಗೆ ಮುಂಚೆ ಬರುತ್ತಿದ್ದ ಹುಡುಗ ಪೊಂಗಲ್ ಕಳೆದರೂ ಬಂದಿಲ್ಲ. ಈಗ ಇದೆಲ್ಲ ಕಂಪ್ಯೂಟರಿಗೂ ಏರುತ್ತದೆ. ತಮಿಳುನಾಡಿನ ಇಎಂಐಎಸ್ ಎಂಬ ವ್ಯವಸ್ಥೆಯಲ್ಲಿ ಒಂದು ಶಾಲೆ ಬಿಟ್ಟ ಮಗುವಿನ ಹೆಸರು 'ಕಾಮನ್ ಪೂಲ್'ಗೆ ಬೀಳುತ್ತದೆ, ಇನ್ನೊಂದು ಶಾಲೆ ಸೇರಿಸಿಕೊಂಡಾಗ ಅಲ್ಲಿಂದ ಎತ್ತಿಕೊಳ್ಳುತ್ತದೆ. ಯಾರೂ ಎತ್ತಿಕೊಳ್ಳದಿದ್ದರೆ ಹೆಸರು ಅಲ್ಲೇ ಇರುತ್ತದೆ. ಯಾವ ಶಾಲೆಯ ಫೇಲ್ ಪಟ್ಟಿಯಲ್ಲೂ ಆ ಮಗು ಇಲ್ಲ.

ಆ ಮಗು ಎಲ್ಲಿ ಎಂದು ಬೆಂಗಳೂರಿನವರು ಕೇಳಬೇಕಾಗಿಲ್ಲ. ಹೊಸ ಅಪಾರ್ಟ್‌ಮೆಂಟ್ ಏಳುವ ಕಡೆ, ತಗಡಿನ ಶೆಡ್ಡುಗಳ ಸಾಲಿನಲ್ಲಿ ಧರ್ಮಪುರಿ, ಸೇಲಂ ಕಡೆಯ ತಮಿಳು ಕಿವಿಗೆ ಬೀಳುತ್ತಲೇ ಇರುತ್ತದೆ. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಗಾರೆ ಕೆಲಸಕ್ಕೆ ಹೊರಟರೆ ಅಜ್ಜಿ ಇರುವ ಮನೆಯ ಮಗು ಊರಲ್ಲಿ ಉಳಿಯುತ್ತದೆ, ಅಜ್ಜಿ ಇಲ್ಲದ ಮನೆಯ ಮಗುವೂ ಹೊರಡುತ್ತದೆ. ಊರಲ್ಲೇ ಇದ್ದರೂ ಸೇಲಂ ಕಡೆ ಕಾಲ್ಗೆಜ್ಜೆ ಮಾಡುವ ಬೆಳ್ಳಿ ಕೆಲಸ, ಮಗ್ಗ, ಮರಗೆಣಸಿನ ಸಾಬಕ್ಕಿ ಮಿಲ್ಲು, ಸ್ವಲ್ಪ ದೂರಕ್ಕೆ ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿ. ಹದಿನಾಲ್ಕು ದಾಟಿದ ಹುಡುಗನಿಗೆ ಕೂಲಿ ಕೊಡುವವರು ಸಿಗುತ್ತಾರೆ.

ಹುಡುಗಿಯ ಹೆಸರಿನ ಮೇಲೆ ಬೀಳುವ ಗೆರೆಗೆ ಕಾರಣ ಬೇರೆ. ಬಾಲ್ಯವಿವಾಹದ ಸುದ್ದಿ ಬಂದಾಗಲೆಲ್ಲ ಸೇಲಂ, ಧರ್ಮಪುರಿ, ಕೃಷ್ಣಗಿರಿಯ ಹೆಸರು ಬರುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿ ಬೇಸಿಗೆ ರಜೆ ಮುಗಿದ ಮೇಲೆ ಬರದಿದ್ದರೆ ಮೊದಲು ಅನುಮಾನ ಬರುವುದು ಕ್ಲಾಸ್ ಟೀಚರಿಗೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವುದೂ ಎಷ್ಟೋ ಸಲ ಅವರೇ. ಇದಕ್ಕಿಂತ ಹಿಂದೆ ಹೋದರೆ ಇನ್ನೂ ಕಹಿ. ಹೆಣ್ಣು ಶಿಶುಗಳನ್ನು ಕೊಲ್ಲದೆ ಸರ್ಕಾರದ ತೊಟ್ಟಿಲಿಗೆ ಹಾಕಿ ಎಂದು ಜಯಲಲಿತಾ ಸರ್ಕಾರ 1992ರಲ್ಲಿ 'ತೊಟ್ಟಿಲ ಮಗು' ಯೋಜನೆ ಶುರು ಮಾಡಿದ್ದು ಇದೇ ಸೇಲಂ ಜಿಲ್ಲೆಯಲ್ಲಿ. 2001ರಲ್ಲಿ ಧರ್ಮಪುರಿಗೂ ಅದು ಬಂತು. ಆ ವರ್ಷಗಳಲ್ಲಿ ಹುಟ್ಟಿ ಬದುಕುಳಿದವರ ಸಂಖ್ಯೆಯೇ ಮುಂದೆ ಹೈಸ್ಕೂಲಿನ ಹುಡುಗಿಯರ ಸಂಖ್ಯೆ. ಕೆಲವು ಹೆಸರು ರಿಜಿಸ್ಟರಿನವರೆಗೆ ಬರಲೇ ಇಲ್ಲ.

ಶಾಲೆಯೇ ಛೇದವನ್ನು ಕತ್ತರಿಸುವುದೂ ಉಂಟು. ಎಂಟರವರೆಗೆ ಯಾರನ್ನೂ ಕೂರಿಸುವ ಹಾಗಿಲ್ಲ. ಹತ್ತರಲ್ಲಿ ಐದು ವಿಷಯಕ್ಕೂ ಮೂವತ್ತೈದು ಬರಬೇಕು. ನಡುವೆ ಇರುವ ಒಂಬತ್ತನೇ ಕ್ಲಾಸೇ ಜರಡಿ. 'ಇವನು ಹತ್ತರಲ್ಲಿ ರಿಸಲ್ಟ್ ಕೆಡಿಸ್ತಾನೆ' ಎಂದು ಕಂಡ ಹುಡುಗನನ್ನು ಅಲ್ಲೇ ಕೂರಿಸಿದರೆ, ಇಲ್ಲವೇ ಅಪ್ಪನನ್ನು ಕರೆಸಿ ಟಿ.ಸಿ. ಒಯ್ಯುವಂತೆ ಮೆಲ್ಲಗೆ ಹೇಳಿದರೆ ಮುಂದಿನ ವರ್ಷ ನೂರು ಪರ್ಸೆಂಟ್ ಸುಲಭ. ಹಾಗೆ ಮಾಡದ ಶಾಲೆ, ಮೂರು ತಿಂಗಳು ಕೆಲಸಕ್ಕೆ ಹೋಗಿದ್ದ ಹುಡುಗನನ್ನು ಮನೆಗೆ ಹೋಗಿ ಕರೆತಂದು ಪರೀಕ್ಷೆಗೆ ಕೂರಿಸಿದ ಶಾಲೆ, ಅವನು ಗಣಿತದಲ್ಲಿ ಇಪ್ಪತ್ತೆಂಟು ತೆಗೆದದ್ದಕ್ಕೆ ಎಂಟು ಪರ್ಸೆಂಟ್ ಕಳೆದುಕೊಳ್ಳುತ್ತದೆ. ಹನ್ನೆರಡರಲ್ಲಿ ಒಬ್ಬ ಎಂದರೆ ಅಷ್ಟು. ಪರ್ಸೆಂಟ್ ನೋಡಿ ಶಾಲೆಯನ್ನು ಅಳೆಯುವ ಇಲಾಖೆ ತನಗೇ ಅರಿವಿಲ್ಲದೆ ಮೊದಲ ಶಾಲೆಗೆ ಬಹುಮಾನ ಕೊಟ್ಟು ಎರಡನೆಯದಕ್ಕೆ ದಂಡ ಹಾಕುತ್ತಿರುತ್ತದೆ. ಇದು ನನಗೆ ಅಂಕಿಅಂಶದ ಪ್ರಶ್ನೆಗಿಂತ ನ್ಯಾಯದ ಪ್ರಶ್ನೆಯಾಗಿ ಕಾಣುತ್ತದೆ.

ಈ ಸೀಮೆಯಲ್ಲಿ ತಲೆ ಎಣಿಸುವ ಸರ್ಕಾರಿ ಚಟಕ್ಕೆ ಇನ್ನೂರು ವರ್ಷ ದಾಟಿದೆ. 1792ರಲ್ಲಿ ಟಿಪ್ಪು ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಿಟ್ಟುಕೊಟ್ಟ ಬಾರಾಮಹಲ್ ಎಂದರೆ ಇದೇ ಧರ್ಮಪುರಿ, ಕೃಷ್ಣಗಿರಿ. ಅಲ್ಲಿ ಕಂದಾಯದ ಲೆಕ್ಕ ಬರೆಯುತ್ತ ಏಳು ವರ್ಷ ಕಳೆದ ಥಾಮಸ್ ಮನ್ರೊ ಮುಂದೆ ಮದರಾಸಿನ ಗವರ್ನರ್ ಆಗಿ 1822ರಲ್ಲಿ ಪ್ರತಿ ಕಲೆಕ್ಟರನಿಂದ ಶಾಲೆಗಳ ಲೆಕ್ಕ ಕೇಳಿದ. 1826ರ ಅವನ ಟಿಪ್ಪಣಿಯಲ್ಲಿ ಇಡೀ ಪ್ರಾಂತ್ಯಕ್ಕೆ 12,498 ಶಾಲೆ, 1,28,50,941 ಜನ. ಹೆಚ್ಚುಕಡಿಮೆ ಸಾವಿರಕ್ಕೊಂದು ಶಾಲೆ. ಮನ್ರೊ ಅಷ್ಟಕ್ಕೇ ನಿಲ್ಲಲಿಲ್ಲ. ಮನೆಯಲ್ಲೇ ಓದುವ ಹುಡುಗರು ಈ ಲೆಕ್ಕದಲ್ಲಿ ಇಲ್ಲ, ಅವರನ್ನೂ ಸೇರಿಸಿದರೆ ಗಂಡುಮಕ್ಕಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬ ಓದುತ್ತಿರಬೇಕು ಎಂದು ತರ್ಕಿಸಿದ. ಹೆಣ್ಣುಮಕ್ಕಳು ಆ ತರ್ಕದಲ್ಲಿ ಬರಲೇ ಇಲ್ಲ. ಇರಲಿ, ಪಟ್ಟಿಗೆ ಬಾರದವರ ಬಗ್ಗೆ ಯೋಚಿಸುವ ಬುದ್ಧಿ ಅರ್ಧವಾದರೂ ಅವನಿಗಿತ್ತು.

ಈಗ ದಾಖಲಾತಿ. ಸಣ್ಣ ಶಾಲೆ ಇನ್ನಷ್ಟು ಸಣ್ಣದಾಗುತ್ತಿರುವುದಕ್ಕೆ ಮೊದಲ ಕಾರಣ ಯಾರ ತಪ್ಪೂ ಅಲ್ಲ: ಮಕ್ಕಳೇ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಮಿಳುನಾಡಿನ ಒಟ್ಟು ಫಲವತ್ತತೆ ದರ 1.8, ಕರ್ನಾಟಕದ್ದು 1.7. ಎರಡು ತಲೆಯ ಜಾಗಕ್ಕೆ ಎರಡು ತಲೆ ಬರುತ್ತಿಲ್ಲ. ಎರಡನೆಯದು ಇಂಗ್ಲಿಷ್ ಮೀಡಿಯಂ, ಅದರ ಹಳದಿ ವ್ಯಾನು. ಸರ್ಕಾರಿ ಶಾಲೆಗಳಲ್ಲೂ 2012-13ರಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರೂ ವ್ಯಾನು ಊರೊಳಗೆ ಬರುವುದು ನಿಂತಿಲ್ಲ. ಮೂರನೆಯದು ಈ ಸೀಮೆಗೇ ವಿಶೇಷವಾದದ್ದು. 1997ರವರೆಗೆ ಸೇಲಂ ಜಿಲ್ಲೆಯೊಳಗೇ ಇದ್ದ ನಾಮಕ್ಕಲ್, ರಾಸಿಪುರಂ ಕಡೆ ಎದ್ದ ಖಾಸಗಿ ವಸತಿ ಶಾಲೆಗಳು ರಾಜ್ಯದ ರ‍್ಯಾಂಕುಗಳನ್ನು ಬಾಚಿಕೊಂಡವು. ಹಳ್ಳಿಯಲ್ಲಿ ಚೆನ್ನಾಗಿ ಓದುವ ಮಗುವನ್ನು ಸಾಲ ಮಾಡಿಯಾದರೂ ಅಲ್ಲಿಗೆ ಸೇರಿಸುವ ಚಾಳಿ ಶುರುವಾಯಿತು. ಹನ್ನೊಂದನೇ ಕ್ಲಾಸಿನ ಪಾಠ ಬಿಟ್ಟು ಎರಡು ವರ್ಷವೂ ಹನ್ನೆರಡನೆಯದನ್ನೇ ಉರು ಹೊಡೆಸುತ್ತಾರೆ ಎಂಬ ದೂರು ಎಷ್ಟು ಬೆಳೆಯಿತೆಂದರೆ 2017-18ರಲ್ಲಿ ಸರ್ಕಾರ ಹನ್ನೊಂದಕ್ಕೂ ಪಬ್ಲಿಕ್ ಪರೀಕ್ಷೆ ತಂದಿತು. ರಾಜ್ಯ ರ‍್ಯಾಂಕ್ ಪಟ್ಟಿ ಪ್ರಕಟಿಸುವುದನ್ನು ನಿಲ್ಲಿಸಿದ್ದೂ 2017ರಲ್ಲೇ.

ಮಕ್ಕಳು ಕಡಿಮೆಯಾದರೆ ಮೇಷ್ಟ್ರೂ ಕಡಿಮೆಯಾಗುತ್ತಾರೆ. ತಮಿಳುನಾಡಿನಲ್ಲಿ ಆಗಸ್ಟ್ 1ರ ದಾಖಲಾತಿ ನೋಡಿ ಹುದ್ದೆ ನಿಗದಿ ಮಾಡುತ್ತಾರೆ. ಲೆಕ್ಕಕ್ಕಿಂತ ಹೆಚ್ಚಾದವರು 'ಹೆಚ್ಚುವರಿ', ಅವರಿಗೆ ಬೇರೆ ಊರು. ಸಣ್ಣ ಹೈಸ್ಕೂಲಿನಲ್ಲಿ ಒಂದು ವಿಷಯಕ್ಕೆ ಒಬ್ಬರೇ ಇರುವುದರಿಂದ ಗಣಿತದವರು ಹೆರಿಗೆ ರಜೆಗೆ ಹೋದರೂ ಸಾಕು, ಕೌನ್ಸೆಲಿಂಗ್‌ನಲ್ಲಿ ವರ್ಗ ಪಡೆದರೂ ಸಾಕು, ಆ ವರ್ಷದ ರಿಸಲ್ಟ್ ಹೋಯಿತು. ರಿಸಲ್ಟ್ ಹೋಯಿತೆಂದು ಇನ್ನು ನಾಲ್ಕು ಮನೆಯವರು ವ್ಯಾನು ಹತ್ತಿಸುತ್ತಾರೆ. 2019ರಲ್ಲಿ ತಮಿಳುನಾಡು ಒಂದು ಮಗುವೂ ಇಲ್ಲದ ನಲವತ್ತಕ್ಕೂ ಹೆಚ್ಚು ಶಾಲೆಗಳನ್ನು ಗ್ರಂಥಾಲಯ ಮಾಡಹೊರಟದ್ದು ನೆನಪಿರಬಹುದು.

ಇದಕ್ಕೆ ಎದುರು ಸೆಳೆತವೂ ಹುಟ್ಟಿದೆ. 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ 7.5 ಒಳಮೀಸಲು ಬಂತು. 2022ರ ಸೆಪ್ಟೆಂಬರಿನಲ್ಲಿ ಶುರುವಾದ 'ಪುದುಮೈ ಪೆಣ್' ಯೋಜನೆಯಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಗೆ ತಿಂಗಳಿಗೆ ಸಾವಿರ ರೂಪಾಯಿ. ಶುರುವಾದಾಗ ಎರಡಕ್ಕೂ ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲೇ ಓದಿರಬೇಕಿತ್ತು. ಅಂದರೆ ನಡುವೆ ಖಾಸಗಿ ಶಾಲೆಗೆ ಬದಲಿಸಿದರೆ ನಷ್ಟ. ಅಪ್ಪ ಅಮ್ಮ ಕೂಡಿ ಕಳೆದು ನೋಡುವ ಲೆಕ್ಕ ಇದು, ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಸೈಕಲ್ ವಿಷಯದಲ್ಲಿ ಮಾತ್ರ ತಮಿಳುನಾಡು ತಡಮಾಡಿತು ಎಂದು ನನಗನಿಸುತ್ತದೆ. ಅಲ್ಲಿ ಉಚಿತ ಸೈಕಲ್ ಸಿಗುವುದು ಹನ್ನೊಂದನೇ ಕ್ಲಾಸಿನಲ್ಲಿ. ಬಿಹಾರ ಒಂಬತ್ತಕ್ಕೇ ಕೊಟ್ಟಿತು. ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ನಡೆಸಿದ ಅಧ್ಯಯನ ತೋರಿಸಿದೆ. ಶಾಲೆ ಬಿಡುವ ವಯಸ್ಸಿಗೆ ಮುಂಚೆ ಬಂದ ಸೈಕಲ್ ಅದು.

ನಮ್ಮ ಕಡೆಯವರು ಇದನ್ನೆಲ್ಲ ಪಕ್ಕದ ರಾಜ್ಯದ ಕಥೆ ಎಂದುಕೊಳ್ಳುವಂತಿಲ್ಲ. ಕರ್ನಾಟಕದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ 73.40ಕ್ಕೆ ಬಿತ್ತು, ಅದೂ ಕೃಪಾಂಕವನ್ನು ಹತ್ತರಿಂದ ಇಪ್ಪತ್ತು ಪರ್ಸೆಂಟಿಗೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ, ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು.

ಸಣ್ಣ ಶಾಲೆಯನ್ನು ಅಳೆಯಲೇಬೇಕೆಂದರೆ ದಾರಿ ಕಷ್ಟದ್ದಲ್ಲ. ಒಂದು ವರ್ಷದ ಹನ್ನೆರಡು ಮಕ್ಕಳ ಬದಲು ಐದು ವರ್ಷದ ಅರವತ್ತು ಮಕ್ಕಳನ್ನು ಒಟ್ಟಿಗೆ ಎಣಿಸಿದರೆ ಅದೃಷ್ಟದ ಕುಣಿತ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಛೇದಕ್ಕೆ ಹತ್ತರ ಪರೀಕ್ಷೆ ಬರೆದವರ ಬದಲು ಆರನೇ ಕ್ಲಾಸಿಗೆ ಸೇರಿದವರನ್ನು ಹಾಕಬೇಕು; ಟಿ.ಸಿ. ಒಯ್ದವರು ಇನ್ನೊಂದು ಶಾಲೆ ಸೇರಿದರೇ ಎಂದು ಬೇರೆಯಾಗಿ ಬರೆಯಬೇಕು. ಮಗುವಿಗೊಂದು ನಂಬರ್ ಕೊಟ್ಟು ಕಂಪ್ಯೂಟರಿನಲ್ಲಿ ಇಟ್ಟಿರುವುದರಿಂದ ಈ ಲೆಕ್ಕ ತೆಗೆಯಲು ಹೊಸ ಸಮೀಕ್ಷೆ ಬೇಕಿಲ್ಲ. ಇಪ್ಪತ್ತು ಮಂದಿ ಸೇರಿ ಹನ್ನೆರಡು ಮಂದಿ ಬರೆದು ಹನ್ನೆರಡೂ ಪಾಸಾದ ಶಾಲೆಗೆ ಅರವತ್ತು. ಇಪ್ಪತ್ತು ಸೇರಿ ಹತ್ತೊಂಬತ್ತು ಬರೆದು ಹದಿನೈದು ಪಾಸಾದ ಶಾಲೆಗೆ ಎಪ್ಪತ್ತೈದು. ಈಗಿನ ಪಟ್ಟಿಯಲ್ಲಿ ಮೊದಲನೆಯದಕ್ಕೆ ನೂರು, ಎರಡನೆಯದಕ್ಕೆ ಎಪ್ಪತ್ತೊಂಬತ್ತು.

ಈ ಯಾವ ಸೂತ್ರಕ್ಕೂ ಸಿಗದ ಶಾಲೆಗಳು ಹಳೆಯ ಸೇಲಂ ಜಿಲ್ಲೆಯ ಉತ್ತರದ ಅಂಚಿನಲ್ಲಿವೆ. 1965ರಲ್ಲಿ ಸೇಲಂನಿಂದ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ. ಹೊಸೂರು, ಡೆಂಕಣಿಕೋಟೆ, ತಳಿಯ ಕನ್ನಡ ಮಾಧ್ಯಮ ಶಾಲೆಗಳು ಈಗ ಆ ಮೂರನೇ ಜಿಲ್ಲೆಯಲ್ಲಿವೆ. ಅಲ್ಲಿ ಮಕ್ಕಳು ಕಡಿಮೆಯಾಗಲು ಮೇಲಿನ ಎಲ್ಲ ಕಾರಣದ ಜೊತೆಗೆ ಇನ್ನೊಂದಿದೆ. 2006ರ ತಮಿಳು ಕಲಿಕಾ ಕಾಯ್ದೆ ಒಂದನೇ ಕ್ಲಾಸಿನಿಂದ ವರ್ಷಕ್ಕೊಂದು ಮೆಟ್ಟಿಲಿನಂತೆ ತಮಿಳನ್ನು ಕಡ್ಡಾಯ ಮಾಡುತ್ತ 2015-16ಕ್ಕೆ ಹತ್ತನೇ ಕ್ಲಾಸು ಮುಟ್ಟಿತು. ಮೊದಲ ಭಾಷೆಯಾಗಿದ್ದ ಕನ್ನಡ ಐಚ್ಛಿಕದ ಕಡೆ ಸರಿಯಿತು. ರಾಜ್ಯ ತನ್ನ ಭಾಷೆ ಕಲಿಸುವುದು ಸಹಜ, ಅದರಲ್ಲಿ ತಕರಾರಿಲ್ಲ. ಕಲಿಸುವ ತಮಿಳು ಮೇಷ್ಟ್ರನ್ನು ಕೊಡದೆ ಪರೀಕ್ಷೆ ಕೊಟ್ಟರೆಂಬುದು ಭಾಷಾ ಅಲ್ಪಸಂಖ್ಯಾತರ ದೂರು. ಅವರು ಕೋರ್ಟಿಗೆ ಹೋದರು. ಮದ್ರಾಸ್ ಹೈಕೋರ್ಟ್ 2020ರಿಂದ 2022ರವರೆಗಿನ ಪರೀಕ್ಷೆಗಳಿಗೆ ವಿನಾಯಿತಿ ಕೊಟ್ಟಿತು, 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೊಂದು ವರ್ಷ ಮುಂದುವರಿಸಿತು. ಆ ಆದೇಶ ಬಂದಾಗ ಪರೀಕ್ಷೆಗೆ ಸುಮಾರು ಎರಡು ತಿಂಗಳಷ್ಟೇ ಉಳಿದಿತ್ತು. ಮಗುವನ್ನು ಆರನೇ ಕ್ಲಾಸಿಗೆ ಸೇರಿಸುವ ತಾಯಿ ತಂದೆ ಮಾತ್ರ ಐದು ವರ್ಷ ಮುಂದಿನ ಪ್ರಶ್ನೆಪತ್ರಿಕೆ ಯಾವ ಭಾಷೆಯದು ಎಂದು ಜೂನ್ ತಿಂಗಳಲ್ಲೇ ತೀರ್ಮಾನಿಸಬೇಕು. ಅದು ಗೊತ್ತಾಗದವರು ಪಕ್ಕದ ತಮಿಳು ಅಥವಾ ಇಂಗ್ಲಿಷ್ ವಿಭಾಗದ ಅರ್ಜಿ ತುಂಬುತ್ತಾರೆ, ಆಗಸ್ಟ್ 1ಕ್ಕೆ ಕನ್ನಡ ವಿಭಾಗದ ತಲೆ ಎಣಿಸುತ್ತಾರೆ.